ಹದಿನಾರನೆಯ ಪಾಠ

ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಒಂದು ಯಂತ್ರ ನೂರಕ್ಕೆ ಐವತ್ತೆಂಟು ಅಂಕ ಕೊಟ್ಟಿತು. ಅದೂ ಇಡೀ ತರಗತಿಯ ಎದುರಿಗೆ, ಕೆಂಪು ಅಕ್ಷರದಲ್ಲಿ. 'ಟ್ರೈ ಅಗೇನ್' ಎಂದು ಅದರೊಳಗಿಂದ ಒಬ್ಬ ಹೆಂಗಸು ಹೇಳಿದಳು. ಆ ದನಿಯಲ್ಲಿದ್ದ ಸಹನೆಯನ್ನು ನೀವು ಕೇಳಬೇಕಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗುವಿಗೆ ಹೇಳಿದ ಹಾಗಿತ್ತು. ಹಿಂದಿನ ಕುರ್ಚಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವತ್ತಿನಿಂದ ಆ ಯಂತ್ರವನ್ನು ಕಂಡರೆ ನನಗೆ ಆಗುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅರ್ಧ ನೌಕರಿ ಟಿಕೋಟಾದ ಹೈಸ್ಕೂಲಿನಲ್ಲಿ, ಇನ್ನರ್ಧ ಬಬಲೇಶ್ವರದ ಹೈಸ್ಕೂಲಿನಲ್ಲಿ ಮುಗಿಸಿ, ನಿವೃತ್ತನಾಗಿ ಜಿಲ್ಲಾ ಕೇಂದ್ರದ ಜಲನಗರ ಬಡಾವಣೆಯ ಮನೆಯಲ್ಲಿ ಕೂತವನು ನಾನು. ಕೂತು ಕೂತು ಬೇಸರವಾಗಿ ಸ್ಟೇಷನ್ ರಸ್ತೆಯ ಒಂದು ಸ್ಪೋಕನ್ ಇಂಗ್ಲಿಷ್ ತರಗತಿಗೆ ಮೇಷ್ಟ್ರಾಗಿ ಸೇರಿಕೊಂಡೆ. ಕೆಳಗೆ ಬ್ಯಾಗಿನ ಅಂಗಡಿ, ಮೇಲೆ ನಾವು. ಮಾಲೀಕ ಮೊದಲು ಗಾಂಧಿ ಚೌಕದಲ್ಲಿ ಮೊಬೈಲಿನ ಕವರ್ ಮಾರುತ್ತಿದ್ದವನು. 'ಸರ್ರ, ಯೂ ಡೋಂಟ್ ಟೆನ್ಷನ್' ಎನ್ನುವಷ್ಟು ಇಂಗ್ಲಿಷ್ ಅವನಿಗೆ ಬರುತ್ತಿತ್ತು, ಅಷ್ಟರಲ್ಲೇ ಅವನು ಇಂಗ್ಲಿಷ್ ಸಂಸ್ಥೆಯ ನಿರ್ದೇಶಕನಾಗಿದ್ದ. ಒಂದು ದಿನ ಎಂಟು ಕಂಪ್ಯೂಟರ್, ಎಂಟು ಹೆಡ್‌ಫೋನ್ ತಂದು ಸಾಲಾಗಿ ಜೋಡಿಸಿದ. ಇನ್ನು ಮೇಲೆ ಉಚ್ಚಾರ ಕಲಿಸುವುದು ಯಂತ್ರವೇ, ನಾನು ಬರೀ 'ಮಾರ್ಗದರ್ಶಕ' ಎಂದ. ಮಾರ್ಗದರ್ಶನ ಎಂದರೆ ಹೆಡ್‌ಫೋನಿನ ಸ್ಪಂಜು ಒರೆಸುವುದು ಎಂದು ಎರಡನೇ ದಿನವೇ ಗೊತ್ತಾಯಿತು.

ಯಂತ್ರ ಕೆಲಸ ಮಾಡುವ ಪರಿ ಇಷ್ಟೇ. ಪರದೆಯ ಮೇಲೆ ಒಂದು ವಾಕ್ಯ ಬರುತ್ತದೆ. ಅದರೊಳಗಿನ ಹೆಂಗಸು ಅದನ್ನು ಒಮ್ಮೆ ಹೇಳುತ್ತಾಳೆ. ನೀವು ಹಾಗೆಯೇ ಹೇಳಬೇಕು. ನೀವು ಹೇಳಿದ್ದನ್ನು ಅದು ಕೇಳಿಸಿಕೊಂಡು, ಹಿಡಿದಿಟ್ಟುಕೊಂಡು, ತೂಗಿ ಅಂಕ ಹಾಕುತ್ತದೆ. ಎಪ್ಪತ್ತು ಬಂದರೆ ಹಸಿರು, ಮುಂದಿನ ವಾಕ್ಯ. ಬಾರದಿದ್ದರೆ ಕೆಂಪು, ಟ್ರೈ ಅಗೇನ್. ಇಪ್ಪತ್ತನಾಲ್ಕು ಪಾಠ ಹಸಿರಾದರೆ ಪ್ರಮಾಣಪತ್ರ ತಾನೇ ಅಚ್ಚಾಗಿ ಹೊರಗೆ ಬರುತ್ತದೆ. ಕಲಿತಿದ್ದಾರೋ ಇಲ್ಲವೋ ಎಂದು ಒಬ್ಬರ ಮುಖ ನೋಡಿ ಹೇಳುವ ಕೆಲಸಕ್ಕೆ ನನ್ನ ಅರ್ಧ ಆಯುಷ್ಯ ಹೋಗಿತ್ತು. ಈ ಪೆಟ್ಟಿಗೆಗೆ ಮುಖವೇ ಬೇಕಿರಲಿಲ್ಲ.

ಟಿಕೋಟಾದ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ಬರುತ್ತಿದ್ದ. ಹೊರರಾಜ್ಯದ ಖರೀದಿದಾರರ ಜೊತೆ ಇಂಗ್ಲಿಷಿನಲ್ಲಿ ಮಾತಾಡಬೇಕೆಂಬ ಹುಚ್ಚು ಅವನಿಗೆ. ಜೀವಮಾನವೆಲ್ಲ ತೂಕದ ಕಾಟಾದ ಪಕ್ಕ ನಿಂತು ಕೂಗಿದ ಗಂಟಲು ಅದು. ಅವನು ಒಂದು ಗುಡ್ ಮಾರ್ನಿಂಗ್ ಹೇಳಿದರೆ ಪಕ್ಕದ ಎರಡು ಕಂಪ್ಯೂಟರುಗಳೂ ಅದನ್ನು ಕೇಳಿಸಿಕೊಂಡು ಅಂಕ ಹಾಕುತ್ತಿದ್ದವು. ಕೆಂಪು ಬಂದರೆ ಯಂತ್ರದ ಹೆಂಗಸನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದ.

"ಯಾಕ ಬೇ, ಕಿವಿ ಕೇಳಸೂದಿಲ್ಲೇನ ನಿನಗ? ಇನ್ನೆಷ್ಟ ಒದರಬೇಕ ನಾ?"

ಅವಳು ಶಾಂತವಾಗಿ ಟ್ರೈ ಅಗೇನ್ ಎನ್ನುತ್ತಿದ್ದಳು. ಅವನೊಬ್ಬನ ಮೇಲೆ ನನಗೆ ಸ್ವಲ್ಪ ಪ್ರೀತಿ ಇತ್ತು.

ಇನ್ನೊಬ್ಬಳು ಬಬಲೇಶ್ವರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹೆಂಗಸು. ನಲವತ್ತೈದರ ಆಚೀಚೆ ಇದ್ದಳು. ಜಲನಗರದ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಆಯಾ. ಎಳೆಯ ಮಕ್ಕಳ ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಡಬ್ಬಿಯ ಮುಚ್ಚಳ ತೆಗೆದು ಊಟ ಮಾಡಿಸುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನು ಕನ್ನಡದಲ್ಲಿ ಮಾಡಿಕೊಂಡು ಬಂದಿದ್ದಳು, ಯಾವ ಮಗುವಿನ ಮೂಗೂ ತಕರಾರು ಮಾಡಿರಲಿಲ್ಲ. ಈಗ ಶಾಲೆಯ ಆಡಳಿತ ಮಂಡಳಿಗೆ ಜ್ಞಾನೋದಯವಾಗಿ, ಆಯಾಗಳೂ ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತಾಡಬೇಕು, ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನ ಉಚ್ಚಾರದ ಪ್ರಮಾಣಪತ್ರ ತರಬೇಕು, ತರದಿದ್ದವರು ಮನೆಯಲ್ಲೇ ಇರಬಹುದು ಎಂದು ಆಜ್ಞೆ ಹೊರಟಿತ್ತು. ಥೂ, ಇಂಥ ಮಂಡಳಿಗಳಿಗೆ ಏನು ಹೇಳುವುದು! ಅವಳ ಮನೆಯಲ್ಲಿ ಮುದಿ ತಾಯಿ, ಕಾಲೇಜಿಗೆ ಹೋಗುವ ಮಗಳು. ಮೂವರೂ ಈ ಸಂಬಳದ ಮೇಲೆಯೇ ಇದ್ದರು.

ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು ಅವಳು. ಆದರೂ ಹಟಮಾರಿ. ಬಸ್ಸಿನಲ್ಲಿ ಕೂತು ಕಿಟಕಿಯ ಕಡೆ ಮುಖ ಮಾಡಿ ಅಂದಿನ ಪಾಠದ ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದಳಂತೆ. ಪಕ್ಕದಲ್ಲಿ ಕೂತವರು ಇವಳಿಗೆ ಏನೋ ಆಗಿದೆ ಎಂದು ಎದ್ದು ಹೋಗುತ್ತಿದ್ದರಂತೆ. "ಛಲೋ ಆತ್ರಿ, ಕಾಲ ಚಾಚಿ ಕುಂಡ್ರಾಕ ಜಾಗ ಸಿಗತೈತಿ" ಎನ್ನುತ್ತಿದ್ದಳು. ಒಂದೂವರೆ ತಿಂಗಳಲ್ಲಿ ಹದಿನೈದು ಪಾಠ ಹಸಿರು ಮಾಡಿದಳು. ಶಾಲೆ ತೆರೆಯಲು ಇನ್ನು ಹದಿನೇಳು ದಿನ ಇರುವಾಗ ಹದಿನಾರನೆಯ ಪಾಠಕ್ಕೆ ಬಂದು ನಿಂತಳು.

ಹದಿನಾರನೆಯ ಪಾಠ ನಿಮ್ಮ ಕುಟುಂಬದ ಪರಿಚಯ. ಸೇರುವಾಗ ತುಂಬಿದ ಅರ್ಜಿಯಿಂದ ಹೆಸರುಗಳನ್ನು ತೆಗೆದು ಯಂತ್ರ ತಾನೇ ವಾಕ್ಯ ಕಟ್ಟುತ್ತದೆ. ಅವಳ ಅರ್ಜಿ ತುಂಬಿದವನು ಮಾಲೀಕ, ಅವಳ ಗುರುತಿನ ಚೀಟಿಯಲ್ಲಿದ್ದುದನ್ನೆಲ್ಲ ನೋಡಿ ಹಾಗೆಯೇ ಇಳಿಸಿದ್ದ. ಮೊದಲನೇ ವಾಕ್ಯವೇ 'ಮೈ ಹಸ್ಬೆಂಡ್ಸ್ ನೇಮ್ ಈಸ್', ಆಮೇಲೆ ಗಂಡನ ಹೆಸರು. ಅವಳು 'ಈಸ್' ತನಕ ಸರಿಯಾಗಿ ಹೇಳಿ ಬಾಯಿ ಮುಚ್ಚಿದಳು. ಕೆಂಪು. ಮತ್ತೆ ಹೇಳಿದಳು, ಮತ್ತೆ ಅಲ್ಲಿಗೇ ನಿಲ್ಲಿಸಿದಳು. ಯಂತ್ರ ಕಾಯುತ್ತಿತ್ತು, ಅವಳು ಪರದೆಯ ಮೇಲಿನ ಆ ಹೆಸರನ್ನು ನೋಡುತ್ತ ಸುಮ್ಮನೆ ಕೂತಿದ್ದಳು.

ನಮ್ಮ ಕಡೆ ಗಂಡನ ಹೆಸರು ಹೆಂಗಸರ ಬಾಯಲ್ಲಿ ಬರುವುದಿಲ್ಲ. ಈಗಿನ ಹುಡುಗಿಯರು ಹೇಳುತ್ತಾರೆ, ಅವಳ ವಯಸ್ಸಿನವರು ಇಲ್ಲ. ಬಂದರೆ ಮದುವೆಯಲ್ಲಿ ಒಂದು ಸಲ, ಹೆಂಗಸರೆಲ್ಲ ಹೊಸ್ತಿಲಲ್ಲಿ ಅಡ್ಡ ನಿಂತು ಒಡಪು ಹಾಕಿಸುವಾಗ, ಪ್ರಾಸದ ಎರಡು ಸಾಲಿನೊಳಗೆ ಸೇರಿಸಿ ಹೇಳಬೇಕು. ಹಾಗಾಗಿ ತರಗತಿಗೆ ಅವಳ ಕಷ್ಟ ಆ ಕೂಡಲೇ ಅರ್ಥವಾಯಿತು, ಎಲ್ಲರಿಗೂ ತಮಾಷೆ ಸಿಕ್ಕಿತು.

"ಒಡಪ ಹಾಕಿ ಹೇಳಬಿಡ್ರಿ ಬಾಯಾರ!" ಎಂದು ಒಣದ್ರಾಕ್ಷಿಯವನು ಕೂಗಿದ. "ಇಂಗ್ಲಿಷಿನ್ಯಾಗ ಒಡಪ ಕೇಳಿ ಆ ಪೆಟಿಗಿ ಸುಸ್ತ ಆಗಲಿ!"

ಎಲ್ಲರೂ ನಕ್ಕರು. ಅವಳೂ ನಗಬಹುದೆಂದು ನೋಡಿದೆ, ನಗಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, "ನಾಳಿ ನೋಡೂಣ್ರಿ" ಎಂದು ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು.

ನಾಳೆಯೂ ಅದೇ ಆಯಿತು. ನಾಡಿದ್ದೂ ಅದೇ. ಆ ಒಂದು ವಾಕ್ಯವನ್ನು ಬಿಟ್ಟು ಮುಂದೆ ಹೋಗಲು ಯಂತ್ರ ಬಿಡುತ್ತಿರಲಿಲ್ಲ. ಹೆಸರು ತಿದ್ದಲು ಬರುತ್ತದೆಯೇ ಎಂದು ಮಾಲೀಕನನ್ನು ಕೇಳಿದೆ. ಒಮ್ಮೆ ತುಂಬಿದ ಅರ್ಜಿ ತಿದ್ದಲು ಬರುವುದಿಲ್ಲ, ಬೇಕಾದರೆ ಇಡೀ ಖಾತೆ ಅಳಿಸಿ ಹೊಸದು ತೆರೆಯಬಹುದು, ಆದರೆ ಮತ್ತೆ ಒಂದನೇ ಪಾಠದಿಂದ ಶುರು ಎಂದ. "ಅಲ್ರೀ ಬಾಯಾರ, ಒಂದ ಸಲ ಅನ್ರಿ, ಯಾರ ಕೇಳ್ತಾರ ಇಲ್ಲಿ?" ಎಂದು ಅವಳಿಗೂ ಹೇಳಿ ನೋಡಿದ.

"ಯಾರೂ ಕೇಳೂದಿಲ್ರಿ. ನಾ ಕೇಳ್ತೀನಲ್ರಿ" ಎಂದಳು.

ಈ ಮಾತಿಗೆ ನನಗೆ ಸಿಟ್ಟು ಬಂತು. ಯಂತ್ರದ ಮೇಲಿನ ತಿರಸ್ಕಾರ ಒಂದು ಕಡೆ ಇದ್ದೇ ಇತ್ತು, ಈಗ ಅವಳ ಮೇಲೂ ತಿರುಗಿತು. ಎದ್ದು ನಿಂತು ಭಾಷಣ ಮಾಡಿದೆ. ಗೌರವ ಮನಸ್ಸಿನಲ್ಲಿರಬೇಕು, ನಾಲಿಗೆಯಲ್ಲಿ ಅಲ್ಲ. ನನ್ನ ಹೆಂಡತಿಯೂ ನಲವತ್ತು ವರ್ಷದಿಂದ ನನ್ನನ್ನು 'ಏನ್ರಿ' ಎಂದೇ ಕರೆಯುತ್ತಾಳೆ, ಆ ಗೌರವ ಏನೆಂದು ನನಗೆ ಗೊತ್ತಿದೆ, ಆದರೆ ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ಇಂಥ ಮೌಢ್ಯ ಹಿಡಿದು ಕೂತರೆ ನಷ್ಟ ಯಾರಿಗೆ? ಮನೆಯಲ್ಲಿ ಓದುವ ಮಗಳಿದ್ದಾಳೆ, ಅವಳಾದರೂ ನಿಮಗೆ ಬುದ್ಧಿ ಹೇಳಬಾರದೇ? ಹೀಗೆ ಹತ್ತು ನಿಮಿಷ. ಹೈಸ್ಕೂಲಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಮಾತಾಡುತ್ತಿದ್ದೆನಲ್ಲ, ಅದೇ ಧಾಟಿ. ಅವಳು ತಲೆ ತಗ್ಗಿಸಿ ಕೇಳಿದಳು. ನನ್ನ ಮಾತು ನಾಟಿತು ಎಂದುಕೊಂಡೆ.

ಮರುದಿನ ಮಧ್ಯಾಹ್ನ, ಯಾರೂ ಬರುವ ಮುಂಚೆ, ನಾನೇ ಅವಳ ಖಾತೆ ತೆರೆದು ಕೂತೆ. ಪರದೆಯ ಮೂಲೆಯಲ್ಲಿ ಅವಳ ಫೋಟೊ ಇತ್ತು. ಹೆಡ್‌ಫೋನ್ ಹಾಕಿಕೊಂಡು, "ಮೈ ಹಸ್ಬೆಂಡ್ಸ್ ನೇಮ್ ಈಸ್" ಎಂದು ಆ ಮಹಾಶಯನ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಐವತ್ತೊಂದು. ಟ್ರೈ ಅಗೇನ್. ಮತ್ತೆ ಹೇಳಿದೆ, ಅರವತ್ತು. ನಿಧಾನವಾಗಿ ಹೇಳಿದೆ, ಐವತ್ತಾರು. ಮೂಗಿನಿಂದ ಹೇಳಿದೆ, ಗಂಟಲಿನಿಂದ ಎರಡು ಸಲ ಹೇಳಿದೆ. ಕೊನೆಗೆ ಯಂತ್ರದ ಆ ಹೆಂಗಸಿನ ಹಾಗೆಯೇ ದನಿ ತೆಳ್ಳಗೆ ಮಾಡಿ ಹೇಳಿದಾಗ ಎಪ್ಪತ್ತೆರಡು ಬಂತು. ಏಳನೇ ಸಲಕ್ಕೆ ಹಸಿರು. ತಿರುಗಿ ನೋಡುತ್ತೇನೆ, ಬಾಗಿಲಲ್ಲಿ ಒಣದ್ರಾಕ್ಷಿಯವನು ಹೊಟ್ಟೆ ಹಿಡಿದುಕೊಂಡು ನಿಂತಿದ್ದಾನೆ.

"ಯಪ್ಪಾ ಯಪ್ಪಾ! ಯಾವಾಗ ಲಗ್ನ ಆತ್ರಿ ಸರ? ನಮಗ ಅಕ್ಷತಿಗಿ ಹೇಳಲೇ ಇಲ್ಲಲ್ರೀ!"

ಅವನ ನಗು ಕೆಳಗಿನ ಬ್ಯಾಗಿನ ಅಂಗಡಿಗೂ ಕೇಳಿಸಿರಬೇಕು. ನನಗೂ ನಗು ಬಂತು. ಯಂತ್ರಕ್ಕೆ ಟೋಪಿ ಹಾಕಿದ್ದೆ, ಒಬ್ಬ ಬಡ ಹೆಂಗಸಿನ ನೌಕರಿ ಉಳಿಸಿದ್ದೆ. ಅವತ್ತು ಅವಳು ತರಗತಿಗೆ ಬರಲಿಲ್ಲ. ಮನೆಗೆ ಹೋಗಿ ಚಹಾ ಕುಡಿಯುತ್ತ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಬೆಳ್ಳುಳ್ಳಿ ಸುಲಿಯುತ್ತ ಕೇಳಿಸಿಕೊಂಡಳು. "ಆಕಿನ್ನ ಕೇಳಿ ಮಾಡಿದ್ರೇನ್ರಿ?" ಎಂದಳು. ಒಳ್ಳೆಯದು ಮಾಡಲು ಕೇಳುವುದೇನು ಎಂದೆ.

ಮರುದಿನ ಆ ಹೆಂಗಸು ಬರುವಷ್ಟರಲ್ಲಿ ಒಣದ್ರಾಕ್ಷಿಯವನು ಕಥೆಯನ್ನು ಎಲ್ಲರಿಗೂ ಅಭಿನಯಿಸಿ ತೋರಿಸಿ ಮುಗಿಸಿದ್ದ. ಅವಳು ಬಂದು ಕೂತು ಪರದೆ ನೋಡಿದಳು. ಹದಿನಾರನೆಯ ಪಾಠದ ಮೊದಲನೇ ವಾಕ್ಯದ ಮುಂದೆ ಹಸಿರು ಗುರುತು, 'ನಿನ್ನೆ ಏಳು ಪ್ರಯತ್ನ' ಎಂಬ ಬರಹ ಇತ್ತು. ಅದರ ಪಕ್ಕ 'ನಿಮ್ಮ ದನಿ ಕೇಳಿ' ಎಂಬ ಗುಂಡಿ. ಒತ್ತಿದಳು. ಹೆಡ್‌ಫೋನ್ ಕಿವಿಯ ಮೇಲೆ ಸರಿಯಾಗಿ ಕೂತಿರಲಿಲ್ಲ, ಹಾಗಾಗಿ ನನ್ನ ಆ ತೆಳ್ಳಗಿನ ದನಿ, ಆ ಹೆಸರು ನನಗೂ ಕೇಳಿಸಿತು. ಅವಳು ಹೆಡ್‌ಫೋನ್ ಕಿತ್ತು ಕೆಳಗಿಟ್ಟಳು. ಎದ್ದು ನನ್ನ ಮೇಜಿನ ಹತ್ತಿರ ಬಂದಳು. ಕೃತಜ್ಞತೆ ಹೇಳಲು ಬಂದಳು ಎಂದು ನಾನು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿದೆ. ಎಂಥ ಮನುಷ್ಯ ನಾನು!

"ಮರ್ಯಾದಿಗಿ ಹೇಳೂದಿಲ್ಲ ಅಂತ ತಿಳದೀರೇನ್ರಿ ಸರ?" ಎಂದಳು. ದನಿ ಏರಿಸಲಿಲ್ಲ. "ಹತ್ತೊಂಬತ್ತ ವರ್ಷದ ಹಿಂದ, ಮಗಳ ಹೊಟ್ಟ್ಯಾಗಿದ್ಲು. ಇದ ಊರ ಬಸ್‌ಸ್ಟ್ಯಾಂಡಿನ್ಯಾಗ ನನ್ನ ಕುಂಡ್ರಿಸಿ, ಚಾ ತರ್ತೀನಿ ಅಂತ ಹೇಳಿ ಹ್ವಾದಾಂವ. ಸೊಲ್ಲಾಪುರದಾಗ ಇನ್ನೊಂದ ಮನಿ ಮಾಡ್ಯಾನ ಅಂತ ಆಮ್ಯಾಲ ಗೊತ್ತಾತು. ಅವತ್ತ ಸಂಜೀ ಮಟ ಆ ಹೆಸರ ಹಿಡದ ಒದರಿ ಒದರಿ ಹುಡಕೀನ್ರಿ, ಇಡೀ ಸ್ಟ್ಯಾಂಡ ಕೇಳೂವಂಗ. ಅದ ಕಡೀಕ. ಇನ್ನ ಈ ನಾಲಿಗಿ ಮ್ಯಾಲ ಆ ಹೆಸರ ಬರಬಾರದು ಅಂತ ಆಣಿ ಮಾಡೀನಿ. ಮಂದಿ ಮರ್ಯಾದಿ ಅಂತ ತಿಳಕೊಂಡ್ರು. ತಿಳಕೊಳ್ಳಲಿ ಬಿಡ ಅಂತ ಸುಮ್ಮನಿದ್ದೆ."

ಒಣದ್ರಾಕ್ಷಿಯವನು ನೆಲ ನೋಡುತ್ತಿದ್ದ.

"ಥೂ ಅಂತ ಉಗುಳೂದಕ್ಕೂ ಆ ಹೆಸರ ಬಾಯಾಗ ತಂದಿಲ್ರಿ ನಾ. ನೀವ ನನ್ನ ಫೋಟೋದಾಗ ಕುಂತ ಏಳ ಸಲ ಅಂದೀರಿ. ಆ ಮಿಸಿನ್ನು ನಾನ ಅಂದೇನಿ ಅಂತ ಬರಕೊಂಡೈತಿ."

ಮೊನ್ನೆ ಇದೇ ಬಾಯಿ ಗೌರವದ ಬಗ್ಗೆ ಹತ್ತು ನಿಮಿಷ ಪಾಠ ಮಾಡಿತ್ತು. ತಪ್ಪಾಯಿತು ಎಂದು ಹೇಳಿದೆ, ಆದರೆ ಅದು ಹೆಡ್‌ಫೋನ್ ಒರೆಸುವ ಬಟ್ಟೆಯಷ್ಟೂ ಉಪಯೋಗಕ್ಕೆ ಬರುವಂತಿರಲಿಲ್ಲ. ಅವಳು ಅದನ್ನು ಕೇಳಿಸಿಕೊಳ್ಳಲೂ ಇಲ್ಲ. ಮಾಲೀಕನ ಕಡೆ ತಿರುಗಿದಳು.

"ಅಳಸ್ರಿ ಅದನ್ನ."

"ಅಳಸಿದ್ರ ಎಲ್ಲಾ ಹೋಗತೈತ್ರಿ ಬಾಯಾರ, ಹದಿನೈದೂ ಪಾಠ. ಸಾಲಿ ಸುರುವಾಗಾಕ ಹದಿಮೂರ ದಿನ ಉಳದಾವ."

"ಹೋಗಲಿ. ಅಳಸ್ರಿ."

ಅಳಿಸಿದ. ಹೊಸ ಅರ್ಜಿ ತೆರೆದ. ಗಂಡನ ಹೆಸರಿನ ಅಂಕಣ ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲ, ಏನಾದರೂ ತುಂಬಲೇಬೇಕು ಎಂದ. ಅವಳು ಬಗ್ಗಿ ಅವನಿಗಷ್ಟೇ ಕೇಳುವ ಹಾಗೆ ಏನೋ ಹೇಳಿದಳು. ಅವನು ಒಮ್ಮೆ ಅವಳ ಮುಖ ನೋಡಿ ತುಂಬಿದ. ನನ್ನ ಕಡೆ ಯಾರೂ ನೋಡಲಿಲ್ಲ, ಅದೇ ಸರಿಯಾಗಿತ್ತು.

ಆ ಹದಿಮೂರು ದಿನ ನಾನು ಬೆಳಿಗ್ಗೆ ಏಳಕ್ಕೇ ಬಂದು ಬಾಗಿಲು ತೆರೆದೆ. ಅವಳು ಮೊದಲನೇ ಬಸ್ಸಿಗೆ ಬರುತ್ತಿದ್ದಳು. ನಾನು ಪಾಠ ಹೇಳಲು ಹೋಗಲಿಲ್ಲ, ಕೇಳಿದರೆ ಮಾತ್ರ ಹೇಳಿದೆ. ಅವಳು ಕೇಳಿದ್ದು ಕಡಿಮೆ. ನನ್ನನ್ನು ಕ್ಷಮಿಸಿದ ಹಾಗೆಯೂ ತೋರಲಿಲ್ಲ, ಕ್ಷಮಿಸಲು ಅವಳಿಗೆ ಪುರಸೊತ್ತೂ ಇರಲಿಲ್ಲ. ಒಣದ್ರಾಕ್ಷಿಯವನು ಅವಳ ಪಕ್ಕದ ಕುರ್ಚಿ ಬಿಟ್ಟು ಕೊನೆಯ ಮೂಲೆಗೆ ಹೋಗಿ ಕೂತ, ತನ್ನ ಗಂಟಲು ಅವಳ ಅಂಕಕ್ಕೆ ಅಡ್ಡ ಬರಬಾರದೆಂದು. ಮೂರು ದಿನ ಅವನು ಪಿಸುಮಾತಿನಲ್ಲಿ ಇಂಗ್ಲಿಷ್ ಕಲಿತ. ಆ ಮನುಷ್ಯ ಪಿಸುಗುಟ್ಟುವುದನ್ನು ನಾನು ನೋಡಿದ್ದು ಆಗಲೇ. ಯಂತ್ರ ಮಾತ್ರ ತನ್ನ ಟ್ರೈ ಅಗೇನ್ ಬಿಡಲಿಲ್ಲ, ಅದಕ್ಕೇನು ಬಂದಿದೆ ರೋಗ.

ಐದನೆಯ ದಿನ ಹದಿನಾರನೆಯ ಪಾಠ ಬಂತು. ನಾನು ದೂರದಲ್ಲಿ ನಿಂತು ಸ್ಪಂಜು ಒರೆಸುತ್ತಿದ್ದೆ. ಪರದೆ ನೋಡಬಾರದು ಎಂದುಕೊಂಡೇ ನೋಡಿದೆ. 'ಮೈ ಹಸ್ಬೆಂಡ್ಸ್ ನೇಮ್ ಈಸ್', ಅದರ ಮುಂದೆ ಅವಳದೇ ಹೆಸರು. ತನ್ನ ಸ್ವಂತ ಹೆಸರನ್ನೇ ಆ ಅಂಕಣದಲ್ಲಿ ಬರೆಸಿದ್ದಳು.

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಸೆರಗು ಸರಿ ಮಾಡಿಕೊಂಡಳು. ಇಡೀ ವಾಕ್ಯವನ್ನು ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ, ಒಣದ್ರಾಕ್ಷಿಯವನಿಗಿಂತ ಗಟ್ಟಿಯಾಗಿ ಹೇಳಿದಳು. ತೊಂಬತ್ತಮೂರು. ಆ ಕೋಣೆಯಲ್ಲಿ ಅಷ್ಟು ಅಂಕ ಯಾರಿಗೂ ಬಂದಿರಲಿಲ್ಲ. ಹಸಿರು ದೀಪ ಹಾಕಿ ಯಂತ್ರದ ಹೆಂಗಸು 'ಎಕ್ಸಲೆಂಟ್' ಎಂದಳು. ಏನು ಕೇಳಿದೆ ಎಂಬುದರ ಗಂಧಗಾಳಿಯೂ ಅದಕ್ಕಿರಲಿಲ್ಲ.

ನಾನು ಅಲ್ಲಿಯೇ ನಿಂತಿದ್ದು ಅವಳಿಗೆ ಗೊತ್ತಿತ್ತು. ತಿರುಗದೆಯೇ ಹೇಳಿದಳು.

"ಮನಿ ನಡಸಿದಾಕಿ ನಾನ ಅಲ್ರೀ ಸರ? ಮತ್ಯಾರ ಹೆಸರ ಹೇಳ್ಲಿ?"

ಹನ್ನೆರಡನೆಯ ದಿನ ಸಂಜೆ ಇಪ್ಪತ್ತನಾಲ್ಕನೆಯ ಪಾಠ ಮುಗಿದು ಪ್ರಮಾಣಪತ್ರ ಹೊರಗೆ ಬಂತು. ಅದರಲ್ಲಿ ಅವಳ ಹೆಸರು, ಮುಂದೆ 'ಇವರ ಪತ್ನಿ' ಎಂದು ಅಚ್ಚಾಗಿ, ಮತ್ತೆ ಅವಳದೇ ಹೆಸರು. ಮಾಲೀಕ ಹಣೆ ಚಚ್ಚಿಕೊಂಡ. ಶಾಲೆಯವರು ಇದನ್ನು ನೋಡಿ ಏನೆನ್ನುತ್ತಾರೋ ಎಂದು ನನಗೂ ಭಯವಾಯಿತು. ಶಾಲೆ ತೆರೆದ ದಿನ ಬೆಳಿಗ್ಗೆ ಅವಳ ಜೊತೆ ನಾನೂ ಹೋದೆ, ನನ್ನ ಮನೆಯಿಂದ ಎರಡು ಓಣಿ ಆಚೆಯ ಶಾಲೆ ಅದು. ಏನಾದರೂ ತಕರಾರು ಬಂದರೆ ಇಂಗ್ಲಿಷಿನಲ್ಲೇ ಜಗಳವಾಡುವುದೆಂದು ವಾಕ್ಯಗಳನ್ನೂ ಸಿದ್ಧ ಮಾಡಿಕೊಂಡಿದ್ದೆ. ಗುಮಾಸ್ತ ಆ ಹಾಳೆ ತೆಗೆದುಕೊಂಡ, ಒಂದು ಅಕ್ಷರವನ್ನೂ ಓದಲಿಲ್ಲ, ಎರಡು ತೂತು ಹೊಡೆದು ಕಡತದಲ್ಲಿ ಪೋಣಿಸಿದ. "ಹೋಗ್ರಿ, ಗಾಡಿ ಬಂತು" ಎಂದ. ಇಷ್ಟಕ್ಕಾಗಿ ಈ ಎಲ್ಲ ನಾಟಕ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿಗೆ ಓಡಿದಳು. ಗಾಡಿಯಿಂದ ಅಳುತ್ತ ಇಳಿದ ಒಂದು ಮಗುವನ್ನು ಎತ್ತಿಕೊಂಡು, "ಯಾಕ ಯಪ್ಪಾ, ಯಾರ ಏನಂದ್ರು ನಿನಗ? ಬಾ, ಮೂಗ ಒರಸ್ತೇನಿ ಬಾ" ಎಂದಳು. ಮಗು ಸುಮ್ಮನಾಯಿತು.

ನಾನು ನಡೆದುಕೊಂಡು ಮನೆಗೆ ಬಂದೆ. ಹೆಂಡತಿ ಚಹಾ ತಂದಿಟ್ಟಳು. ಎಲ್ಲ ಹೇಳಿದೆ, ಗುಮಾಸ್ತ ತೂತು ಹೊಡೆದದ್ದನ್ನೂ ಹೇಳಿದೆ. ಅವಳು ನಕ್ಕಳು, "ಛಲೋ ಮಾಡಿದ್ಲು" ಎಂದಳು. ಆಮೇಲೆ, ಕೇಳಬಾರದಿತ್ತೇನೋ, ಕೇಳಿಬಿಟ್ಟೆ. ನೀನೂ ನಲವತ್ತು ವರ್ಷದಿಂದ ನನ್ನ ಹೆಸರು ಹೇಳಿಲ್ಲ, ಅದು ಯಾಕೆ ಎಂದು.

ಅವಳು ನನ್ನ ಮುಖ ನೋಡಿದಳು. ಗೌರವಕ್ಕೆ ಎನ್ನುತ್ತಾಳೆ ಎಂದು ಕಾದೆ.

"ಈಗ್ಯಾಕ್ರಿ ಆ ಮಾತ? ಚಾ ಆರತೈತಿ, ಕುಡೀರಿ" ಎಂದು ಒಳಗೆ ಹೋದಳು.

ನಾನು ಕುಡಿದೆ.